ಕೊಲಂಬೊದ ಬೀದಿಯಲ್ಲಿ ಕ್ರಿಸ್ಮಸ್ ಬೋಧನೆ: ಇದನ್ನು ತಡೆಯಲು ಯಾರಿಗೆ ಅಧಿಕಾರವಿದೆ?

ಕೊಲಂಬೊ ನಿವಾಸಿ
ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಕೊಲಂಬೊದಲ್ಲಿದ್ದೇನೆ. ಈ ದೇಶದಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಬೌದ್ಧರು ಎಂದರೆ ಡಿಸೆಂಬರ್ ತಿಂಗಳಲ್ಲಿ ಪೇಟೆಗೆ ಹೋದವರು ನಂಬಲಾರರು. ಪೆಟ್ಟಾ ಎಂಬ ಮಾರುಕಟ್ಟೆಯ ಓಣಿಗಳ ತುಂಬ ಕಾಗದದ ನಕ್ಷತ್ರಗಳು ತೂಗುತ್ತವೆ. ಇಲ್ಲಿಯವರು ‘ನತ್ತಲ್ ಸೀಯಾ’ ಎಂದು ಕರೆಯುವ ಸಾಂತಾ ತಾತ ಕೆಂಪು ಉಡುಪಿನಲ್ಲಿ ಬೆವರುತ್ತ ಅಂಗಡಿಗಳ ಬಾಗಿಲಲ್ಲಿ ನಿಂತಿರುತ್ತಾನೆ. ನನ್ನ ಮನೆಯ ಮಾಲೀಕರು ಬೆಳಗ್ಗೆ ಬುದ್ಧನ ಪಟಕ್ಕೆ ಹೂವಿಟ್ಟು, ಸಂಜೆ ಅದೇ ಹಜಾರದಲ್ಲಿ ಮೊಮ್ಮಕ್ಕಳ ಕ್ರಿಸ್ಮಸ್ ಮರಕ್ಕೆ ಮಿಣುಕು ದೀಪಗಳನ್ನು ಸುತ್ತುತ್ತಾರೆ. ಇದರಲ್ಲಿ ಯಾರಿಗೂ ಯಾವ ತಕರಾರೂ ಇಲ್ಲ.

ತಕರಾರು ಎದ್ದದ್ದು ಕಳೆದ ಶನಿವಾರ, ಫೋರ್ಟ್ ರೈಲು ನಿಲ್ದಾಣದ ಎದುರಿನ ಪಾದಚಾರಿ ಮಾರ್ಗದಲ್ಲಿ. ಐದಾರು ಜನರ ಗುಂಪೊಂದು ಗಿಟಾರ್ ನುಡಿಸುತ್ತ ಸಿಂಹಳದಲ್ಲಿ ಹಾಡುತ್ತಿತ್ತು. ಬಿಳಿ ಅಂಗಿಯ ಒಬ್ಬರು ಸಣ್ಣ ಧ್ವನಿವರ್ಧಕವನ್ನು ಕಾಲ ಬಳಿ ಇಟ್ಟುಕೊಂಡು ಯೇಸುವಿನ ಜನನದ ಕುರಿತು ಮಾತನಾಡುತ್ತಿದ್ದರು. ಒಬ್ಬ ಹುಡುಗಿ ನಿಂತ ಬಸ್ಸುಗಳ ಕಿಟಕಿಗಳಿಗೆ ಕೈ ಚಾಚಿ ಕರಪತ್ರ ಕೊಡುತ್ತಿದ್ದಳು. ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಭಿಕ್ಷು ಮತ್ತು ಕೆಲವು ತರುಣರು ಬಂದು ಪ್ರಶ್ನಿಸಿದರು. ಬಳಿಕ ಪೊಲೀಸರು ಬಂದರು, ಧ್ವನಿವರ್ಧಕವನ್ನು ನಿಲ್ಲಿಸಿದರು, ಗುಂಪು ಚದುರಿತು. ಹೊಡೆದಾಟವೇನೂ ಆಗಲಿಲ್ಲ. ಆದರೂ ಕ್ರಿಸ್ಮಸ್ಸಿಗೆ ಸರ್ಕಾರಿ ರಜೆಯನ್ನೇ ಕೊಡುವ ದೇಶದಲ್ಲಿ, ಆ ರಜೆಗೆ ಕಾರಣನಾದವನ ಬಗ್ಗೆ ಬೀದಿಯಲ್ಲಿ ಮಾತನಾಡುವುದು ಯಾವ ಕಾನೂನಿನ ಪ್ರಕಾರ ತಪ್ಪು? ಕಾನೂನು ಹಾಗಿರಲಿ, ಹೀಗೆ ಬೋಧಿಸುವುದು ಉಚಿತವೇ? ತಿಳಿದವರು ಹೇಳಬೇಕು.

ಸುಮ್ಮನೆ ಓದುಗ
ಗಿಟಾರನ್ನು ಶ್ರುತಿಬದ್ಧವಾಗಿ ನುಡಿಸುತ್ತಿದ್ದರೋ ಇಲ್ಲವೋ ಎಂಬುದನ್ನು ತಾವು ಹೇಳಲೇ ಇಲ್ಲ. ಎಷ್ಟೋ ತಕರಾರುಗಳ ಮೂಲ ಅಲ್ಲೇ ಇರುತ್ತದೆ.

ಧಾರವಾಡದ ವಕೀಲೆ
ಕಾನೂನಿನ ಭಾಗಕ್ಕೆ ಉತ್ತರಿಸುತ್ತೇನೆ. ಶ್ರೀಲಂಕಾದ 1978ರ ಸಂವಿಧಾನದ 9ನೇ ವಿಧಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ನೀಡಿ, ಬುದ್ಧ ಶಾಸನವನ್ನು, ಅಂದರೆ ಬುದ್ಧನ ಬೋಧನೆಯ ಪರಂಪರೆಯನ್ನು, ಪೋಷಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಇತರ ಧರ್ಮಗಳ ಹಕ್ಕುಗಳನ್ನೂ ಕಾಪಾಡಬೇಕೆಂದು ಅದೇ ವಿಧಿ ಹೇಳುತ್ತದೆ. ತನಗೆ ಬೇಕಾದ ಧರ್ಮವನ್ನು ಸ್ವೀಕರಿಸುವ ಸ್ವಾತಂತ್ರ್ಯವನ್ನು 10ನೇ ವಿಧಿ ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ಪೂಜೆ, ಆಚರಣೆ, ಅನುಷ್ಠಾನ ಹಾಗೂ ಬೋಧನೆಗಳ ಮೂಲಕ ಧರ್ಮವನ್ನು ಬಹಿರಂಗವಾಗಿ ಪ್ರಕಟಿಸುವ ಹಕ್ಕು 14ನೇ ವಿಧಿಯಲ್ಲಿದೆ, ಆದರೆ ಅದು ನಾಗರಿಕರಿಗೆ ಮಾತ್ರ. ಆದುದರಿಂದ ಪ್ರವಾಸಿ ವೀಸಾದಲ್ಲಿ ಬಂದು ಬೋಧಿಸುವ ವಿದೇಶಿಯರು ಈ 14ನೇ ವಿಧಿಯನ್ನು ಮುಂದೊಡ್ಡುವಂತಿಲ್ಲ. ತಾವು ಕಂಡವರು ಸ್ಥಳೀಯರಾಗಿದ್ದರೆ ಮಾತು ಬೇರೆ.

ನಮ್ಮ ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕು ಸ್ಪಷ್ಟವಾಗಿದೆ, ಅವರದರಲ್ಲಿ ಅದರ ಉಲ್ಲೇಖವಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘವೊಂದಕ್ಕೆ ಕಾನೂನುಬದ್ಧ ಅಸ್ತಿತ್ವ ನೀಡುವ ಮಸೂದೆಯ ವಿಚಾರದಲ್ಲಿ, ಪ್ರಚಾರವು ಮೂಲಭೂತ ಹಕ್ಕಲ್ಲ ಎಂದು ಅಭಿಪ್ರಾಯಪಟ್ಟಿತು. ಆ ಸನ್ಯಾಸಿನಿಯರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮೊರೆ ಹೋದರು, ಮತ್ತು 2005ರಲ್ಲಿ ಆ ಸಮಿತಿಯು ಅವರ ಹಕ್ಕಿನ ಉಲ್ಲಂಘನೆಯಾಗಿದೆ ಎಂದಿತು. ಹಾಗೆಂದು ಬೀದಿಯಲ್ಲಿ ಬೋಧಿಸುವುದು ಅಪರಾಧವಾಗುವುದಿಲ್ಲ. ಮೂಲಭೂತ ಹಕ್ಕಲ್ಲದ್ದೆಲ್ಲವೂ ಅಪರಾಧ ಎನ್ನುವುದಾದರೆ ಕಡಲೆಕಾಯಿ ಮಾರುವವನನ್ನೂ ಬಂಧಿಸಬೇಕಾದೀತು.

ಬಯಲುಸೀಮೆ
ವಕೀಲರೇ, ವಿಧಿಗಳನ್ನು ಓದಿದ್ದಕ್ಕೆ ಧನ್ಯವಾದಗಳು, ಆದರೆ ಪ್ರಶ್ನೆಯ ಎರಡನೆಯ ಭಾಗವನ್ನು ತಾವು ಮುಟ್ಟಲಿಲ್ಲ. ಬೌದ್ಧರು ಪಕ್ಕದ ಮನೆಯ ಹಬ್ಬಕ್ಕೆ ತಮ್ಮ ಹಜಾರದಲ್ಲೇ ಜಾಗ ಕೊಟ್ಟಿದ್ದಾರೆ. ಅಷ್ಟು ಔದಾರ್ಯ ತೋರಿದವರ ಮುಂದೆ ನಿಂತು ‘ನಿಮ್ಮ ದಾರಿ ತಪ್ಪು, ನಮ್ಮದೊಂದೇ ಸರಿ’ ಎಂದು ಧ್ವನಿವರ್ಧಕದಲ್ಲಿ ಸಾರುವುದು ಸಭ್ಯತೆಯೇ? ಹಬ್ಬದ ಹಾಡು ಬೇರೆ, ಹಬ್ಬದ ನೆಪದಲ್ಲಿ ಜನರನ್ನು ಸೆಳೆಯುವುದು ಬೇರೆ. ಪೋರ್ಚುಗೀಸರ ಮತ್ತು ಡಚ್ಚರ ಕಾಲದಲ್ಲಿ ಬ್ಯಾಪ್ಟಿಸಮ್ ಪಡೆಯದವರಿಗೆ ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚಿರುತ್ತಿದ್ದ ದೇಶವಿದು ಎಂಬುದನ್ನು ಮರೆಯಬಾರದು. ಆ ನೆನಪಿರುವ ಸಮಾಜಕ್ಕೆ ಬೀದಿಯ ಬೋಧಕ ಕೇವಲ ಒಬ್ಬ ಹಾಡುಗಾರನಾಗಿ ಕಾಣುವುದಿಲ್ಲ.

ಹಳೇ ಪುಸ್ತಕದಂಗಡಿ
ಫೋರ್ಟ್ ನಿಲ್ದಾಣದ ಎದುರು ಎಂದಿರಿ. ಅಲ್ಲೇ ನಿಂತಿರುವ ಪ್ರತಿಮೆ ಯಾರದೆಂದು ಗಮನಿಸಿದ್ದೀರಾ? ಅದು ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಅವರದು. ನಿಲ್ದಾಣದ ಮುಂದಿನ ರಸ್ತೆಗೂ ಅವರದೇ ಹೆಸರು. 1880ರಲ್ಲಿ ಲಂಕೆಗೆ ಬಂದು ಬಹಿರಂಗವಾಗಿ ಪಂಚಶೀಲ ಸ್ವೀಕರಿಸಿ ಬೌದ್ಧರಾದ ಅಮೆರಿಕದವರು ಅವರು. ಮಿಷನರಿಗಳ ಪ್ರಶ್ನೋತ್ತರ ಪುಸ್ತಕಗಳ ಮಾದರಿಯಲ್ಲೇ 1881ರಲ್ಲಿ ಬೌದ್ಧರಿಗೊಂದು ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ಮಿಷನ್ ಶಾಲೆಗಳಿಗೆ ಎದುರಾಗಿ ಬೌದ್ಧ ಶಾಲೆಗಳನ್ನು ಕಟ್ಟಿಸಿದರು. ಅಂಥವರ ಪ್ರತಿಮೆಯ ಬುಡದಲ್ಲಿ ಕ್ರಿಸ್ಮಸ್ ಬೋಧನೆ ನಡೆದಿದೆ.

ಬಯಲುಸೀಮೆಯವರ ಮಾತಿಗೆ ಒಂದು ತಿದ್ದುಪಡಿ ಇದೆ. ಲಂಕೆಯಲ್ಲಿ ಧರ್ಮಗಳು ಬೀದಿಗಿಳಿದು ವಾದಿಸಿದ್ದು ಏಕಪಕ್ಷೀಯವಾಗಿರಲಿಲ್ಲ. 1873ರ ಆಗಸ್ಟ್ 26 ಮತ್ತು 28ರಂದು ಪಾಣದುರದಲ್ಲಿ ಭಿಕ್ಷು ಮಿಗೆಟ್ಟುವತ್ತೆ ಗುಣಾನಂದರಿಗೂ ಪ್ರಾಟೆಸ್ಟಂಟರ ವೆಸ್ಲಿಯನ್ ಮಿಷನ್ನಿನ ಡೇವಿಡ್ ಡಿ ಸಿಲ್ವಾ ಅವರಿಗೂ ಸಾವಿರಾರು ಜನರೆದುರು ಬಹಿರಂಗ ವಾದ ನಡೆಯಿತು. ಭಿಕ್ಷುಗಳು ಕುಳಿತು ಶಾಂತವಾಗಿ ಬೋಧಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಗುಣಾನಂದರು ನಿಂತು, ಕೈ ಬೀಸಿ, ಬೈಬಲ್ಲಿನ ವಾಕ್ಯಗಳನ್ನೇ ಹಿಡಿದು ಪ್ರಶ್ನಿಸಿದರು. ಅದನ್ನು ಅವರು ಕಲಿತದ್ದು ಬೀದಿಬೋಧಕರನ್ನು ನೋಡಿಯೇ. ಆ ವಾದದ ಇಂಗ್ಲಿಷ್ ವರದಿಯನ್ನು ಓದಿದ ಮೇಲೆಯೇ ಆಲ್ಕಾಟ್ ಅವರ ಗಮನ ಲಂಕೆಯತ್ತ ಹರಿಯಿತು.

ಹತ್ತು ವರ್ಷಗಳ ಬಳಿಕ, 1883ರ ಮಾರ್ಚ್ 25ರ ಈಸ್ಟರ್ ಭಾನುವಾರ, ಕೊಲಂಬೊದ ಕೊಟಹೇನದಲ್ಲಿ ಅದೇ ಗುಣಾನಂದರ ವಿಹಾರಕ್ಕೆ ಹೊರಟಿದ್ದ ಬೌದ್ಧರ ಮೆರವಣಿಗೆಯ ಮೇಲೆ ಕ್ಯಾಥೊಲಿಕರ ಗುಂಪು ದಾಳಿ ನಡೆಸಿತು. ‘ನಮ್ಮ ಹಬ್ಬದ ದಿನ ಇಗರ್ಜಿಯ ಸಮೀಪ ತಮಟೆ ಬಾರಿಸಿಕೊಂಡು ಬಂದರು’ ಎಂಬುದು ಅವರ ದೂರಾಗಿತ್ತು. ಬೀದಿಯಲ್ಲಿ ಸಾಗುವ ಹಕ್ಕು ಬೇಕೆಂದು ಅಂದು ಬೇಡಿದವರು ಬೌದ್ಧರು. ಆರೋಪಿಗಳಿಗೆ ಶಿಕ್ಷೆಯಾಗದಿದ್ದಾಗ ಆಲ್ಕಾಟ್ 1884ರಲ್ಲಿ ಲಂಡನ್ನಿಗೆ ಹೋಗಿ ವಾದಿಸಿದರು, ಮತ್ತು 1885ರಲ್ಲಿ ವೈಶಾಖ ಹುಣ್ಣಿಮೆಗೆ ಸರ್ಕಾರಿ ರಜೆ ದೊರೆಯಿತು. ಕ್ರಿಸ್ಮಸ್ ರಜೆಯ ಕುರಿತು ಕೇಳಿದಿರಲ್ಲ, ಅಲ್ಲಿ ರಜೆಗಳ ಹಿಂದೆಯೂ ಒಂದೊಂದು ಜಗಳವಿದೆ.

ಕೊಲಂಬೊ ನಿವಾಸಿ
ದಿನವೂ ಆ ಪ್ರತಿಮೆಯ ಪಕ್ಕದಲ್ಲೇ ರೈಲು ಹಿಡಿಯಲು ಓಡುತ್ತೇನೆ. ಅದರ ಹಿಂದೆ ಇಷ್ಟು ಕಥೆ ಇದೆಯೆಂದು ಗೊತ್ತಿರಲಿಲ್ಲ. ವಕೀಲೆ ಮೇಡಂ, ಅವರು ಸ್ಥಳೀಯರೇ. ಉಚ್ಚಾರ ಅಪ್ಪಟ ಸಿಂಹಳದ್ದು.

ಕಡಲತಡಿ
ನಾನು ಮಂಗಳೂರಿನ ಕ್ಯಾಥೊಲಿಕ್. ಶ್ರೀಲಂಕಾದ ಪಶ್ಚಿಮ ಕರಾವಳಿಯ ನೆಗೊಂಬೊದಲ್ಲಿ ಬಂಧುಗಳಿರುವುದರಿಂದ ಹೋಗಿ ಬರುತ್ತಿರುತ್ತೇನೆ. ಇಲ್ಲಿಯ ಚರ್ಚೆಯಲ್ಲಿ ‘ಕ್ರೈಸ್ತರು’ ಎಂಬ ಒಂದೇ ಮೂಟೆಗೆ ಎಲ್ಲರನ್ನೂ ತುಂಬಲಾಗುತ್ತಿದೆ. 2012ರ ಜನಗಣತಿಯ ಪ್ರಕಾರ ಶ್ರೀಲಂಕಾದಲ್ಲಿ ಕ್ರೈಸ್ತರು ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚು, ಅವರಲ್ಲಿ ಬಹುಪಾಲು ಕ್ಯಾಥೊಲಿಕರು. ಪಶ್ಚಿಮ ಕರಾವಳಿಯ ಆ ಊರುಗಳಲ್ಲಿ ಕ್ರಿಸ್ಮಸ್ ಎಂದರೆ ಗೋದಲಿ, ನಡುರಾತ್ರಿಯ ಪೂಜೆ, ಗೋಡಂಬಿ ಮತ್ತು ರವೆಯ ಕೇಕು. ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕ ಹಿಡಿಯುವುದು ನಮ್ಮವರ ರೂಢಿಯಲ್ಲ. ಅದು ಹೆಚ್ಚಾಗಿ ಹೊಸ ಇವ್ಯಾಂಜೆಲಿಕಲ್ ಮತ್ತು ಪೆಂಟೆಕೋಸ್ಟಲ್ ಸಭೆಗಳ ಪದ್ಧತಿ, ಮತ್ತು ಅವರು ಸೆಳೆಯುವವರಲ್ಲಿ ಕ್ಯಾಥೊಲಿಕರೂ ಸಾಕಷ್ಟಿದ್ದಾರೆ. ನೆಗೊಂಬೊದ ನನ್ನ ದೊಡ್ಡಮ್ಮನನ್ನು ಕೇಳಿದರೆ ಆ ಬೋಧಕರ ಬಗ್ಗೆ ಭಿಕ್ಷುಗಳಿಗಿಂತ ಕಠಿಣವಾಗಿ ಮಾತನಾಡುತ್ತಾರೆ.

ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಮಂಗಳವಾರ ಹೋಗಿ ನೋಡಿ. ಮೋಂಬತ್ತಿ ಹಿಡಿದು ನಿಂತ ಸಾಲಿನಲ್ಲಿ ಬೌದ್ಧರೂ ಹಿಂದೂಗಳೂ ಇರುತ್ತಾರೆ. ಅವರನ್ನು ಅಲ್ಲಿಗೆ ಯಾರೂ ಬೋಧಿಸಿ ಕರೆತಂದದ್ದಲ್ಲ. 2019ರ ಈಸ್ಟರ್ ದಿನ ಬಾಂಬ್ ಸಿಡಿದ ಜಾಗಗಳಲ್ಲಿ ಅದೂ ಒಂದು. ಆ ನಂತರದ ಕ್ರಿಸ್ಮಸ್‌ಗಳಲ್ಲಿ ಇಗರ್ಜಿಗೆ ಹೋಗುವವರ ಚೀಲ ತಪಾಸಣೆಯಾಗುತ್ತದೆ, ಬಾಗಿಲಲ್ಲಿ ಬಂದೂಕು ಹಿಡಿದವರು ನಿಂತಿರುತ್ತಾರೆ. ಹಾಗಿರುವಾಗ ಯಾರೋ ಒಬ್ಬರು ರಸ್ತೆಯಲ್ಲಿ ನಿಂತು ಗಲಾಟೆಗೆ ಆಸ್ಪದ ಕೊಟ್ಟರೆ ಅದರ ಬೆಲೆ ತೆರುವವರು ನಮ್ಮಂಥವರೂ ಆಗಬಹುದೆಂಬ ಭಯ ಅಲ್ಲಿನ ಕ್ಯಾಥೊಲಿಕರಿಗಿದೆ.

ಪೇಟೆ ಬೀದಿ
ಕ್ಷಮಿಸಿ, ಕಡಲತಡಿಯವರೇ, ‘ನಾವು ಒಳ್ಳೆಯ ಕ್ರೈಸ್ತರು, ಗಲಾಟೆ ಮಾಡುವವರು ಅವರು’ ಎಂಬಂತೆ ಕೇಳಿಸುತ್ತಿದೆ. ನಾಲ್ಕು ನೂರು ವರ್ಷ ಹಳೆಯ ದೊಡ್ಡ ಇಗರ್ಜಿ ಇದ್ದವರಿಗೆ ಬೀದಿ ಬೇಕಾಗಿಲ್ಲ. ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ಜನ ಸೇರುವ ಸಭೆಗೆ ಬೀದಿಯೊಂದೇ ಇರುವುದು. ಹೊಸ ಪ್ರಾರ್ಥನಾಲಯ ಕಟ್ಟಲು ಸರ್ಕಾರದ ಅನುಮೋದನೆ ಬೇಕೆಂಬ ಸುತ್ತೋಲೆ 2008ರಲ್ಲಿ ಹೊರಟ ಮೇಲೆ ಆ ಕೋಣೆಗಳನ್ನೂ ‘ಅನುಮತಿ ತೋರಿಸಿ’ ಎಂದು ಮುಚ್ಚಿಸಲು ಬರುತ್ತಾರೆ. ಒಳಗೆ ಕೂತರೆ ಅನುಮತಿ ಇಲ್ಲ, ಹೊರಗೆ ನಿಂತರೆ ಸಭ್ಯತೆ ಇಲ್ಲ, ಹಾಗಾದರೆ ಅವರು ಎಲ್ಲಿಗೆ ಹೋಗಬೇಕು?

ಕಡಲತಡಿ
ತಾವು ಹೇಳಿದ ಕೊನೆಯ ಮಾತು ನ್ಯಾಯವಾದದ್ದು. ಆದರೂ ದೊಡ್ಡಮ್ಮನಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಬಯಲುಸೀಮೆ
ಬೀದಿಯಲ್ಲಿ ಹಾಡುವವರು ಮುಗ್ಧರೇ ಇರಬಹುದು. ಸಮಸ್ಯೆ ಇರುವುದು ಅದರ ಹಿಂದಿನ ಹಣದಲ್ಲಿ. ಬಡವರಿಗೆ ಅಕ್ಕಿ, ಮಕ್ಕಳಿಗೆ ಪುಸ್ತಕ, ಕೊನೆಗೆ ಪ್ರಾರ್ಥನೆಗೆ ಆಹ್ವಾನ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪರಿಹಾರದ ಜೊತೆ ಬೈಬಲ್ ಹಂಚಿದ ಆರೋಪ ಅಲ್ಲಿ ವ್ಯಾಪಕವಾಗಿ ಕೇಳಿಬಂತು. ಕ್ರಿಸ್ಮಸ್ಸಿನ ಮರುದಿನವೇ ಮನೆ ಕಳೆದುಕೊಂಡವನ ಕೈಗೆ ಕರಪತ್ರ ಕೊಡುವುದನ್ನು ತಾವು ಸಮರ್ಥಿಸುತ್ತೀರಾ?

ಧಾರವಾಡದ ವಕೀಲೆ
ಸಮರ್ಥಿಸುವುದಿಲ್ಲ. ಆದರೆ ತಾವು ಎರಡು ಸಂಗತಿಗಳನ್ನು ಬೆರೆಸುತ್ತಿದ್ದೀರಿ. ಆಮಿಷದ ಪ್ರಶ್ನೆ ಅಲ್ಲಿನ ಸಂಸತ್ತಿನ ಮುಂದೆಯೂ ಬಂದಿತ್ತು. 2004ರ ಚುನಾವಣೆಯಲ್ಲಿ ಭಿಕ್ಷುಗಳನ್ನೇ ಅಭ್ಯರ್ಥಿಗಳಾಗಿ ನಿಲ್ಲಿಸಿ ಒಂಬತ್ತು ಸ್ಥಾನ ಗೆದ್ದ ಜಾತಿಕ ಹೆಳ ಉರುಮಯ ಪಕ್ಷವು ಬಲವಂತದ ಮತಾಂತರ ನಿಷೇಧ ಮಸೂದೆಯನ್ನು ತಂದಿತು. 2002ರಲ್ಲಿ ತಮಿಳುನಾಡು ತಂದು ಮುಂದೆ ಹಿಂತೆಗೆದುಕೊಂಡ ಕಾನೂನಿಗೂ ಅದಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ಸುಪ್ರೀಂ ಕೋರ್ಟು ಅದರ ಕೆಲವು ಅಂಶಗಳು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು, ಮತ್ತು ಮಸೂದೆ ಕಾನೂನಾಗಲಿಲ್ಲ. ನಮ್ಮ ಸುಪ್ರೀಂ ಕೋರ್ಟು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಪ್ರಚಾರದ ಹಕ್ಕು ಮತಾಂತರಿಸುವ ಹಕ್ಕಲ್ಲ ಎಂದಿತು, ಕರ್ನಾಟಕದಲ್ಲೂ 2022ರಲ್ಲಿ ಇಂಥ ಕಾಯ್ದೆ ಬಂತು. ಈ ಯಾವ ಕಾನೂನಿನ ಕೆಳಗೂ ರಸ್ತೆಯಲ್ಲಿ ನಿಂತು ಒಂದು ಹುಟ್ಟಿನ ಕಥೆ ಹೇಳುವುದು ಆಮಿಷವಾಗುವುದಿಲ್ಲ. ಅಕ್ಕಿ ಹಂಚಿದ್ದಕ್ಕೆ ಪುರಾವೆ ಇದ್ದರೆ ಅಕ್ಕಿಯ ಮೇಲೆ ದೂರು ಕೊಡಿ, ಗಿಟಾರಿನ ಮೇಲಲ್ಲ.

ಹಳೇ ಪುಸ್ತಕದಂಗಡಿ
ಆ ಮಸೂದೆಯ ಹಿಂದಿನ ಡಿಸೆಂಬರನ್ನು ಮರೆತರೆ ಭಿಕ್ಷುಗಳ ಜೊತೆ ಬಂದ ಆ ತರುಣರು ಅರ್ಥವಾಗುವುದಿಲ್ಲ. ದೂರದರ್ಶನದ ಪ್ರವಚನಗಳಿಂದ ಮನೆಮಾತಾಗಿದ್ದ ಬೌದ್ಧ ಭಿಕ್ಷು ಗಂಗೊಡವಿಲ ಸೋಮ ಥೇರರು 2003ರ ಡಿಸೆಂಬರ್ 12ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಮತಾಂತರದ ವಿರುದ್ಧ ಅವರು ನಿರಂತರ ಮಾತನಾಡುತ್ತಿದ್ದರು. ಹೃದಯಾಘಾತವೆಂದು ಹೇಳಿದರೂ ಅದರ ಹಿಂದೆ ಕ್ರೈಸ್ತರ ಸಂಚಿದೆ ಎಂಬ ವದಂತಿ ಹಬ್ಬಿತು. ಅವರ ಅಂತ್ಯಕ್ರಿಯೆ ಕೊಲಂಬೊದಲ್ಲಿ ನಡೆದದ್ದು ಡಿಸೆಂಬರ್ 24ರಂದು, ಅಂದರೆ ಕ್ರಿಸ್ಮಸ್ಸಿನ ಮುನ್ನಾದಿನ. ಒಂದು ಕಡೆ ಬಿಳಿ ಬಾವುಟಗಳು ಕಟ್ಟಿದ ಶೋಕದ ಬೀದಿಗಳು, ಇನ್ನೊಂದು ಕಡೆ ಹಬ್ಬದ ನಕ್ಷತ್ರಗಳು. ಆ ದಿನಗಳಲ್ಲಿ ಹಲವು ಚರ್ಚುಗಳ ಮೇಲೆ ದಾಳಿಗಳಾದವು. ಅಂದಿನಿಂದ ಡಿಸೆಂಬರ್‌ನಲ್ಲಿ ಬೀದಿಬೋಧನೆ ನಡೆದರೆ ಪೊಲೀಸರು ಮೊದಲು ಬೋಧಕನನ್ನು ಎಬ್ಬಿಸುತ್ತಾರೆ. ಅವನದು ತಪ್ಪೆಂದಲ್ಲ, ಇಬ್ಬರಲ್ಲಿ ಅವನನ್ನು ಎಬ್ಬಿಸುವುದು ಸುಲಭ ಎಂಬ ಕಾರಣಕ್ಕೆ.

ಬ್ಯಾಂಕಾಕ್ ವಾಸಿ
ಶ್ರೀಲಂಕಾದ ಬಿಸಿಯನ್ನು ಓದಿ ಆಶ್ಚರ್ಯವಾಯಿತು. ನಾನಿರುವ ಥೈಲ್ಯಾಂಡಿನಲ್ಲಿ ಬೌದ್ಧರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ಕ್ರೈಸ್ತರು ಒಂದು ಅಥವಾ ಅದರ ಆಸುಪಾಸು. ಕ್ರಿಸ್ಮಸ್ಸಿಗೆ ರಜೆ ಇಲ್ಲ, ಆದರೆ ಮಾಲ್‌ಗಳ ಮುಂದೆ ಮರಗಳು ಏಳು ಮಹಡಿ ಏರುತ್ತವೆ. ಅಯುತ್ಥಾಯದಲ್ಲಿ ಆನೆಗಳಿಗೆ ಸಾಂತಾ ಉಡುಪು ತೊಡಿಸಿ ಶಾಲಾಮಕ್ಕಳಿಗೆ ಉಡುಗೊರೆ ಹಂಚುತ್ತಾರೆ. ಸಕೋನ್ ನಖೋನ್ ಪ್ರಾಂತದ ಥಾ ರೇ ಎಂಬ ಕ್ಯಾಥೊಲಿಕ್ ಊರಿನಲ್ಲಿ ದೀಪದ ನಕ್ಷತ್ರಗಳನ್ನು ಹೊತ್ತ ಮೆರವಣಿಗೆ ಹೊರಡುತ್ತದೆ, ಅದನ್ನು ನೋಡಲು ಬೌದ್ಧರೂ ಪ್ರವಾಸಕ್ಕೆ ಹೋಗುತ್ತಾರೆ. ಬೀದಿಬೋಧಕರು ಸಿಕ್ಕರೆ ಜನ ನಕ್ಕು, ಕರಪತ್ರ ತೆಗೆದುಕೊಂಡು, ಮುಂದೆ ಹೋಗುತ್ತಾರೆ. ಜಗಳವೇ ಇಲ್ಲ.

ಹಳೇ ಪುಸ್ತಕದಂಗಡಿ
ಜಗಳವೇ ಇಲ್ಲ ಎಂದು ಬಿಡಬೇಡಿ. 1869ರಲ್ಲಿ ಚಿಯಾಂಗ್ ಮಾಯಿಯ ಅರಸು ಇಬ್ಬರು ಹೊಸ ಕ್ರೈಸ್ತರನ್ನು ಕೊಲ್ಲಿಸಿದ. ಮುಂದೆ 1878ರಲ್ಲಿ ಚುಲಲಾಂಗ್‌ಕೋರ್ನ್ ದೊರೆಯ ಹೆಸರಿನಲ್ಲಿ ಉತ್ತರದ ಪ್ರಾಂತಕ್ಕೆ ಧರ್ಮಸಹಿಷ್ಣುತೆಯ ಘೋಷಣೆ ಹೊರಡಬೇಕಾಯಿತು. ಅದಕ್ಕೆ ನೆಪವಾದದ್ದು ಒಂದು ಕ್ರೈಸ್ತ ಮದುವೆಯ ತಕರಾರು. ಥೈಲ್ಯಾಂಡನ್ನು ಯಾರೂ ವಸಾಹತು ಮಾಡಲಿಲ್ಲ. ಹಾಗಾಗಿ ಅಲ್ಲಿ ಬೋಧಕನ ಬೆನ್ನ ಹಿಂದೆ ಫಿರಂಗಿಯ ನೆನಪಿಲ್ಲ. ನಗು ಸುಲಭವಾಗಿ ಬರುತ್ತದೆ.

ಬ್ಯಾಂಕಾಕ್ ವಾಸಿ
ಒಪ್ಪಿದೆ. ಇಲ್ಲಿಯೂ ವಿದೇಶಿ ಬೋಧಕರು ನೋಂದಾಯಿತ ಸಂಸ್ಥೆಗಳ ಮೂಲಕ ಬರಬೇಕು, ಅವರ ಸಂಖ್ಯೆಗೆ ಮಿತಿಯೂ ಇದೆ ಎಂಬುದನ್ನು ಸೇರಿಸಬೇಕಿತ್ತು.

ಗಡಿನಾಡು
ನಮ್ಮಲ್ಲಿಯೂ ಬಾಸೆಲ್ ಮಿಷನ್ನಿನವರು ಮಂಗಳೂರು, ಧಾರವಾಡಗಳ ಸಂತೆ ಮತ್ತು ಜಾತ್ರೆಗಳಲ್ಲಿ ಕನ್ನಡದಲ್ಲೇ ನಿಂತು ಬೋಧಿಸುತ್ತಿದ್ದರು. ಬರ್ಮಾದಲ್ಲಿ ಅಮೆರಿಕದ ಮಿಷನರಿ ಅಡೊನಿರಾಮ್ ಜಡ್ಸನ್ 1819ರಲ್ಲಿ ರಂಗೂನಿನ ದೊಡ್ಡ ಪಗೋಡಕ್ಕೆ ಹೋಗುವ ದಾರಿಯ ಬದಿಯಲ್ಲಿ, ಅಲ್ಲಿಯವರ ರೀತಿಯಲ್ಲೇ ಒಂದು ಜಗಲಿಮಂಟಪ ಕಟ್ಟಿ, ಕುಳಿತು, ಬಂದವರೊಡನೆ ಮಾತನಾಡುತ್ತಿದ್ದರು. ಧ್ವನಿವರ್ಧಕ ಇರಲಿಲ್ಲ. ಬೇಕೆಂದವನು ಮೆಟ್ಟಿಲು ಹತ್ತುತ್ತಿದ್ದ, ಬೇಡವೆಂದವನು ಪಗೋಡಕ್ಕೆ ನಡೆಯುತ್ತಿದ್ದ. ನನ್ನ ತಕರಾರು ಬೋಧನೆಯ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ.

ಪೇಟೆ ಬೀದಿ
ಆ ಪೆಟ್ಟಿಗೆಯ ವಿಷಯಕ್ಕೆ ಬಂದರೆ ಎಲ್ಲರೂ ಸಮಾನ ಅಪರಾಧಿಗಳು. ಕೊಲಂಬೊದ ವಿಹಾರಗಳಿಂದ ಹುಣ್ಣಿಮೆಯ ದಿನ ಪಿರಿತ್, ಅಂದರೆ ರಕ್ಷೆಗಾಗಿ ಓದುವ ಬೌದ್ಧ ಸೂತ್ರಗಳ ಪಠಣ, ಮೊಳಗುವುದು ಕಿಟಕಿ ಮುಚ್ಚಿದರೂ ಕೇಳಿಸುತ್ತದೆ. ವೈಶಾಖದಲ್ಲಿ ಬಿಳಿ ಬಟ್ಟೆಯ ಮಕ್ಕಳು ಅಲಂಕರಿಸಿದ ವಾಹನಗಳ ಮೇಲೆ ನಿಂತು ಭಕ್ತಿಗೀತೆ ಹಾಡುತ್ತ ಊರು ಸುತ್ತುತ್ತಾರೆ. ಕ್ರಿಸ್ಮಸ್ ಕ್ಯಾರಲ್‌ಗೂ ಅದಕ್ಕೂ ಇರುವ ನಂಟನ್ನು ಯಾರೂ ನಿರಾಕರಿಸಲಾರರು. ಅದು ಸೊಗಸಾಗಿಯೂ ಇರುತ್ತದೆ. ಬೌದ್ಧ ಮಕ್ಕಳು ಬೀದಿಯಲ್ಲಿ ಹಾಡಿದರೆ ಹಬ್ಬ, ಕ್ರೈಸ್ತ ಮಕ್ಕಳು ಹಾಡಿದರೆ ಪ್ರಚೋದನೆ ಎನ್ನುವುದಕ್ಕೆ ಏನು ಆಧಾರ?

ಬಯಲುಸೀಮೆ
ಭಕ್ತಿಗೀತೆ ಹಾಡುವ ಮಕ್ಕಳು ದಾರಿಹೋಕನಿಗೆ ‘ನಿನ್ನ ದೇವರು ಸುಳ್ಳು’ ಎನ್ನುವುದಿಲ್ಲ. ಆಧಾರ ಅದೇ.

ಕೊಲಂಬೊ ನಿವಾಸಿ
ಮನೆಯ ಮಾಲೀಕರನ್ನು ಕೇಳಿಯೇ ಬಿಟ್ಟೆ. ನಾನು ಅವರನ್ನು ಅಂಕಲ್ ಎಂದೇ ಕರೆಯುವುದು. ಅವರ ಉತ್ತರ ಎರಡೂ ಪಕ್ಷಗಳಿಗೆ ಹಿಡಿಸಲಿಕ್ಕಿಲ್ಲ. ಹಾಡಿಗೆ, ಕಥೆಗೆ ಅವರ ಅಡ್ಡಿಯಿಲ್ಲವಂತೆ. ತಾವೇ ಬಾಲ್ಯದಲ್ಲಿ ಮಿಷನ್ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ಕುರುಬನ ಪಾತ್ರ ಮಾಡಿದ್ದರಂತೆ. ಆದರೆ ಒಮ್ಮೆ ಅವರ ಮಗಳು ಬಸ್ಸಿಗೆ ಕಾಯುತ್ತಿದ್ದಾಗ ಬೋಧಕನೊಬ್ಬ, ಆಕೆಯ ಕೈಯಲ್ಲಿದ್ದ ಪಿರಿತ್ ಪಠಿಸಿ ಕಟ್ಟಿದ ರಕ್ಷೆಯ ದಾರವನ್ನು ತೋರಿಸಿ, ಅದನ್ನು ಕಿತ್ತು ಹಾಕಿದರೆ ಮಾತ್ರ ಬಿಡುಗಡೆ ಎಂದನಂತೆ. ‘ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ’ ಎಂದರು. ಹಾಗಾದರೆ ಪೊಲೀಸರು ಎಬ್ಬಿಸಿದ್ದು ಸರಿಯೇ ಎಂದೆ. ‘ಅದೂ ಸರಿಯಲ್ಲ. ಆ ಹುಡುಗರನ್ನು ಕರೆತಂದ ಹಾಮುದುರುವೋ (ಸಿಂಹಳದಲ್ಲಿ ಭಿಕ್ಷು) ಅವರು ವಿಹಾರದಲ್ಲಿ ಇರಬೇಕಿತ್ತು. ರಸ್ತೆಯಲ್ಲಿ ಕೂಗಾಡುವುದು ಭಿಕ್ಷುವಿನ ಉಡುಪಾದ ಚೀವರ ತೊಟ್ಟವರಿಗೆ ಒಪ್ಪುವುದಿಲ್ಲ’ ಎಂದು ಹೇಳಿ ಟಿವಿಯ ಧ್ವನಿ ಹೆಚ್ಚಿಸಿಕೊಂಡರು.

ಬಯಲುಸೀಮೆ
ದಾರದ ಪ್ರಸಂಗವೇ ನಾನು ಹೇಳುತ್ತಿದ್ದುದು.

ಪೇಟೆ ಬೀದಿ
ಚೀವರದ ಮಾತೇ ನಾನು ಹೇಳುತ್ತಿದ್ದುದು.

ಸುಮ್ಮನೆ ಓದುಗ
ನಾನು ಕೇಳಿದ ಗಿಟಾರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಧಾರವಾಡದ ವಕೀಲೆ
ಅಂಕಲ್ ಅವರು ಹೇಳಿದ ಎರಡು ಘಟನೆಗಳೂ ಕಾನೂನಿನಲ್ಲಿ ಬೇರೆ ಬೇರೆ ಖಾನೆಗೆ ಸೇರುತ್ತವೆ. ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದಲೇ ಆಡಿದ ಮಾತು ಶ್ರೀಲಂಕಾದ ದಂಡಸಂಹಿತೆಯ ಪ್ರಕಾರ ಅಪರಾಧ. ಬ್ರಿಟಿಷರು ನಮಗೂ ಅವರಿಗೂ ಒಂದೇ ಅಚ್ಚಿನಲ್ಲಿ ಬರೆದುಕೊಟ್ಟ ಕಾನೂನು ಅದು. ಉದ್ದೇಶವನ್ನು ಸಾಬೀತುಪಡಿಸುವುದು ಕಷ್ಟ, ಮತ್ತು ಹಾಗೇ ಇರಬೇಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತಂದ 2007ರ ಐಸಿಸಿಪಿಆರ್ ಕಾಯ್ದೆಯ ಕೆಳಗೆ ದ್ವೇಷಪ್ರಚೋದನೆಯ ಆರೋಪ ಹೊರಿಸಿದರೆ ಜಾಮೀನು ಸಿಗುವುದೇ ದುಸ್ತರ. ಇತರ ಧರ್ಮಗಳ ಕುರಿತ ಹೇಳಿಕೆಗಾಗಿ 2023ರ ಡಿಸೆಂಬರ್ ಆರಂಭದಲ್ಲಿ ಬಂಧಿತರಾದ ಪಾಸ್ಟರ್ ಜೆರೋಮ್ ಫರ್ನಾಂಡೊ ಆ ವರ್ಷದ ಕ್ರಿಸ್ಮಸ್ ಅನ್ನು ಬಂಧನದಲ್ಲೇ ಕಳೆದು, ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು.

ಧ್ವನಿವರ್ಧಕದ ವಿಷಯದಲ್ಲಿ ಗಡಿನಾಡಿನವರ ತಕರಾರಿಗೆ ಬಲವಾದ ಆಧಾರವಿದೆ. ವೆಲಿಗಾಮದ ಮಸೀದಿಯೊಂದರ ಪ್ರಕರಣದಿಂದ ಹುಟ್ಟಿದ 2007ರ ಆದೇಶದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ಪರವಾನಗಿ ಕೊಡಬಾರದೆಂದಿತು. ಪರರಿಗೆ ಕಿರುಕುಳ ಕೊಟ್ಟು ದೇವರನ್ನು ಸ್ಮರಿಸುವ ಹಕ್ಕು ಯಾವ ಧರ್ಮಕ್ಕೂ ಇಲ್ಲ ಎಂಬುದು ಅದರ ಧಾಟಿ. ಹಗಲಿನಲ್ಲಿಯೂ ಪೊಲೀಸ್ ಪರವಾನಗಿ ಬೇಕು. ಶನಿವಾರದ ಗುಂಪಿನ ಬಳಿ ಅದು ಇರಲಿಲ್ಲವಾದರೆ ಪೆಟ್ಟಿಗೆಯನ್ನು ನಿಲ್ಲಿಸಿದ್ದು ಸರಿ. ಪೆಟ್ಟಿಗೆ ನಿಂತ ಮೇಲೂ ಜನರನ್ನು ಚದುರಿಸಿದ್ದಕ್ಕೆ, ಕರಪತ್ರ ಹಂಚುವ ಹುಡುಗಿಯನ್ನು ತಡೆದದ್ದಕ್ಕೆ ಯಾವ ವಿಧಿಯೂ ಇಲ್ಲ. ನಿವಾಸಿಗಳೇ, ಆ ಗುಂಪಿನವರು ಮತ್ತೆ ಕಾಣಿಸಿದರೆ ಇಷ್ಟನ್ನು ತಿಳಿಸಿ: ಪರವಾನಗಿಗೆ ಮುಂಚಿತವಾಗಿ ಅರ್ಜಿ ಕೊಡಲಿ, ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಲಿ, ಅದು ಬರುವತನಕ ಧ್ವನಿವರ್ಧಕವಿಲ್ಲದೆ ಹಾಡಲಿ. ಹಾಗೆಯೇ ಯಾರ ಕೈಯ ದಾರದ ಸುದ್ದಿಗೂ 
ಹೋಗದಿರಲಿ.

ಕೊಲಂಬೊ ನಿವಾಸಿ
ತಿಳಿಸುತ್ತೇನೆ, ಮೇಡಂ. ಓದುಗರೇ, ಗಿಟಾರಿನ ಒಂದು ತಂತಿ ಇರಲಿಲ್ಲ. ಶ್ರುತಿಯ ಬಗ್ಗೆ ಇನ್ನು ಹೆಚ್ಚು ಹೇಳಲಾರೆ.